ಮುಚ್ಚಳದ ಮೇಲಿನ ಕಡಲೆಕಾಯಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಬೆಂಗಳೂರಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಾಯಿಸಿ, ನಿಂತುಕೊಂಡೇ ಓದಿದ ಬಿ.ಎಸ್ಸಿ. ಹೇಳಿಕೊಳ್ಳೋಕೆ ನನಗೆ ಸಂಕೋಚವಿಲ್ಲ. ಅಮ್ಮನಿಗೆ ಅಕ್ಷರ ಬರುವುದಿಲ್ಲ.

ಮಗಳಿಗೆ ಮೂರು ವರ್ಷವಿದ್ದಾಗ, ಸಂಕ್ರಾಂತಿಗೆ ಯಾರೋ ಬೀರಿದ ಎಳ್ಳುಬೆಲ್ಲದಲ್ಲಿದ್ದ ಕಡಲೆಕಾಯಿ ಬೀಜ ತಿಂದು ತುಟಿ ಊದಿತು, ಉಸಿರು ಕಟ್ಟಿತು. ಅವತ್ತಿನಿಂದ ಪ್ಯಾಕೆಟ್ ಓದುವ ಕೆಲಸ ನನ್ನದು. ಹೊರಮಾವಿನ ಸೂಪರ್ ಮಾರ್ಕೆಟ್‌ನಲ್ಲಿ ಒಂದೊಂದನ್ನೂ ತಿರುಗಿಸಿ, ಕೆಳಗಿನ ಸಣ್ಣ ಸಾಲು ಹುಡುಕುತ್ತೇನೆ: ಕಡಲೆಕಾಯಿ ಇದೆಯೋ, ಇರಬಹುದೋ. ಹಿಂದೆ ಟ್ರಾಲಿ ಹಿಡಿದವರು ಗೊಣಗುತ್ತಾರೆ, ಗೊಣಗಲಿ. ಅದರಲ್ಲೇನು ಬರೆದಿದೆ ಅಂತ ಅಮ್ಮ ಕೇಳಿದರೆ, ನಿನಗೆ ಗೊತ್ತಾಗಲ್ಲ, ನಾನು ನೋಡ್ಕೋತೀನಿ ಅಂದುಬಿಡುತ್ತಿದ್ದೆ.

ಒಂದು ಶನಿವಾರ ಎರಡು ಪ್ಯಾಕೆಟ್ ಖಾರದ ಬಿಸ್ಕತ್ತು ತಂದೆ. ಒಂದು ಮಗಳಿಗೆ. ಕಡಲೆಕಾಯಿ ಹಾಕಿದ್ದು ನನಗೆ, ಆಫೀಸಿಗೆ ಒಯ್ಯೋಕೆ. ಎರಡನ್ನೂ ಸರಿಯಾಗಿ ಓದಿಯೇ ತಂದಿದ್ದೆ. ಅಡುಗೆಮನೆಯಲ್ಲಿಟ್ಟು ಸ್ನಾನಕ್ಕೆ ಹೋದೆ.

ನಮ್ಮಲ್ಲಿ ತಂದದ್ದು ಯಾವುದೂ ಪ್ಯಾಕೆಟ್ಟಿನಲ್ಲಿ ಉಳಿಯುವುದಿಲ್ಲ. ಅಮ್ಮ ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಸುರಿದು ಕವರು ಬಿಸಾಕುತ್ತಾಳೆ. ಎರಡೂ ಖಾರದ ಬಿಸ್ಕತ್ತೇ ತಾನೇ? ಒಂದೇ ಡಬ್ಬಿಗೆ ಹೋದವು.

ಸಂಜೆ ಮಗಳು ಕುತ್ತಿಗೆ ಕೆರೆದುಕೊಳ್ಳುತ್ತಾ ಬಂದಳು. ತುಟಿ ಆಗಲೇ ದಪ್ಪಗಾಗಿತ್ತು. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಇಂಜೆಕ್ಷನ್ ಕೊಟ್ಟು, ಒಂದು ದಿನ ಇರಿಸಿಕೊಂಡು ಕಳಿಸಿದರು.

ಮನೆಗೆ ಬಂದವಳೇ ಕಸದ ಬುಟ್ಟಿಯಿಂದ ಆ ಕವರು ಎತ್ತಿ ಅಮ್ಮನ ಮುಂದೆ ಹಿಡಿದೆ. ಇಲ್ಲೇ ಬರೆದಿದ್ದಾರಲ್ಲ ಅಂದೆ. ಅಮ್ಮ ಅದರ ಕಡೆ ನೋಡಲೇ ಇಲ್ಲ.

"ಅವ್ರು ಬರೆದ್ರು, ನೀನು ಓದ್ದೆ. ನನಗ್ಯಾರು ಹೇಳಿದ್ರು?"

ಕವರನ್ನು ಮತ್ತೆ ಬುಟ್ಟಿಗೇ ಹಾಕಿದೆ.

ಮುಂದಿನ ವಾರ ಅಮ್ಮ ಒಂದು ಡಬ್ಬಿ ಹಿಡಿದು ಶಿವಾಜಿನಗರಕ್ಕೆ ಹೊರಟಳು, ನನ್ನನ್ನೂ ಕರೆದುಕೊಂಡು. ನನ್ನ ಮದುವೆಯ ಪಾತ್ರೆಗಳಿಗೆ ಹೆಸರು ಕೊರೆಸಿದ ಅಂಗಡಿಗೇ ಹೋದೆವು. ಏನು ಹೆಸರಮ್ಮ ಅಂತ ಅಂಗಡಿಯವನು ಕೇಳಿದ. ಹೆಸರು ಬೇಡ, ಮುಚ್ಚಳದ ಮೇಲೆ ಒಂದು ಕಡಲೆಕಾಯಿ ಕೊರಿ ಅಂದಳು. ಇಷ್ಟು ವರ್ಷ ಗಂಡ ಹೆಂಡತಿ ಹೆಸರು ಕೊರೆದಿದ್ದೀನಿ, ಕಡಲೆಕಾಯಿ ಇದೇ ಮೊದಲು ಅಂತ ಅವನು ನಕ್ಕ.

"ನಗ್ಬೇಡಪ್ಪ, ಆಳವಾಗಿ ಕೊರಿ. ತಿಕ್ಕಿದ್ರೆ ಹೋಗ್ಬಾರ್ದು."

ಈಗ ಸಾಮಾನು ತಂದ ದಿನ ಅಮ್ಮ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂರುತ್ತಾಳೆ. ನಾನು ಒಂದೊಂದೇ ಪ್ಯಾಕೆಟ್ ಗಟ್ಟಿಯಾಗಿ ಓದುತ್ತೇನೆ. ಓದಿ ಮುಗಿಸುವವರೆಗೆ ಅವಳು ಕತ್ತರಿ ಮುಟ್ಟುವುದಿಲ್ಲ.