ತಾಯಕ್ಕ ಬರೆಯದ ಪರೀಕ್ಷೆ

ವಡ್ಡು ಗ್ರಾಮದ ತಾಯಕ್ಕನಿಗೆ ಮೂವತ್ತೊಂದು ವರ್ಷ. ಹೊಸಪೇಟೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಹತ್ತು ವರ್ಷದಿಂದ ತೋರಣಗಲ್ಲಿನ ಒಂದು ಗುತ್ತಿಗೆ ಕಂಪನಿಯಲ್ಲಿ ಅದಿರು ಲಾರಿಗಳ ತೂಕ ನೋಡುತ್ತಿದ್ದಳು. ವಾರಕ್ಕೊಮ್ಮೆ ಶಿಫ್ಟ್ ಬದಲು. ಯಾವ ಹೊತ್ತಿಗೆ ಹಸಿವಾಗಬೇಕು ಎಂಬುದೇ ಅವಳ ಹೊಟ್ಟೆಗೆ ಮರೆತುಹೋಗಿತ್ತು.

ಪ್ರತಿ ವರ್ಷ ಇಂಜಿನಿಯರಿಂಗ್ ಮುಗಿಸಿದ ಹೊಸಬರು ಬರುತ್ತಿದ್ದರು. ತಾಯಕ್ಕ ಅವರಿಗೆ ಕೆಲಸ ಕಲಿಸುತ್ತಿದ್ದಳು. ಆರು ತಿಂಗಳಿಗೆ ಅವರು ಅವಳ ಸಾರ್ ಆಗುತ್ತಿದ್ದರು. ಹೋದ ವರ್ಷ ಬಂದ ಹಂಪೇಶ್ ಮಾತ್ರ ಸಾರ್ ಆದ ಮೇಲೂ ಅಕ್ಕಾ ಎನ್ನುವುದನ್ನು ಬಿಡಲಿಲ್ಲ.

"ಅಕ್ಕಾ, ನೀವು ಡಿಸಿಇಟಿ ಬರೀರಿ," ಎಂದ ಒಂದು ದಿನ. ಡಿಪ್ಲೊಮಾ ಆದವರು ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗ್ ಸೇರಲು ಬರೆಯುವ ಪರೀಕ್ಷೆ ಅದು. "ಕೆಲಸ ಮಾಡ್ಕೊಂತನ ಓದಾಕ ಸಂಜಿ ಕ್ಲಾಸೂ ಅದಾವಂತ."

ಅವನೇ ಪುಸ್ತಕ ತಂದುಕೊಟ್ಟ. ಮೂರು ವಾರ ಅವಳು ಬಸ್ಸಿನಲ್ಲಿ ಓದಿದಳು, ಅನ್ನ ಬೇಯುವಾಗ ಓದಿದಳು. ರಜೆಯ ದಿನ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೂತಳು. ನೂರರಲ್ಲಿ ಮೂವತ್ತನಾಲ್ಕು ಸರಿ ಬಂದವು. ಡಿಪ್ಲೊಮಾದಲ್ಲಿ ಗಣಿತಕ್ಕೆ ತರಗತಿಗೇ ಮೊದಲು ಬಂದವಳು. ಅಳು ಬರಲಿಲ್ಲ, ನಿದ್ದೆ ಬಂತು.

ಎರಡು ತಿಂಗಳು ನೈಟ್ ಶಿಫ್ಟ್ ಬಿಡಿಸಿರೆಂದು ಶಿಫ್ಟ್ ಇನ್‌ಚಾರ್ಜ್ ಹೊನ್ನೂರುಸ್ವಾಮಿಯನ್ನು ಕೇಳಿದಳು.

"ನಿನಗೊಬ್ಬಾಕಿಗೆ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರವ್ವಾ," ಎಂದರು ಅವರು.

ಮನೆಯಲ್ಲಿ ಗಂಡ ಲಿಂಗರಾಜ್ ಅವಳ ಮುಖ ನೋಡಿ ಹೇಳಿದ, "ಓದ್ತೀನಂದ್ರ ಓದು, ಅಡಗಿ ನಾ ಮಾಡ್ತೀನಿ. ಬ್ಯಾಡಂದ್ರ ಬಿಡು. ನಡುವ ನಿಂತು ಸೊರಗಬ್ಯಾಡ."

ಅರ್ಜಿ ಹಾಕಲು ಕಡೆಯ ದಿನ ಹಂಪೇಶ್ ಮೊಬೈಲ್ ಹಿಡಿದು ಬಂದ. "ಫೋಟೊ ಒಂದು ಹಾಕಿದ್ರ ಮುಗೀತಕ್ಕಾ."

"ಬ್ಯಾಡ ತಮ್ಮಾ."

"ಮುಂದಿನ ವರ್ಷಾನರ..."

"ಮುಂದಿನ ವರ್ಷ ಬರೀತೀನಂತ ಸುಳ್ಳು ಹೇಳಂಗಿಲ್ಲ. ಸೀಟು ಸಿಕ್ರೂ ಇನ್ನೂ ಮೂರು ವರ್ಷ ಹಿಂಗ ನಿದ್ದಿಗೆಡಬೇಕು. ನನ್ನ ಕೈಲಿ ಆಗಾದಿಲ್ಲ."

ಹೇಳಿ ಮುಗಿದಾಗ ಹೆಗಲು ಹಗುರಾಯಿತು, ಒಳಗೆಲ್ಲೋ ಚುಚ್ಚಿತು ಕೂಡ. ಪರೀಕ್ಷೆಯ ಬೆಳಿಗ್ಗೆ ಅವಳು ಡ್ಯೂಟಿಯಲ್ಲೇ ಇದ್ದಳು. ಪರೀಕ್ಷೆ ಶುರುವಾಗುವ ಹತ್ತು ಗಂಟೆಗೆ ಒಂದು ಲಾರಿಯ ನಂಬರು ತಪ್ಪು ಬರೆದು ತಿದ್ದಿದಳು.

ಜೂನ್‌ನಲ್ಲಿ ಹೊನ್ನೂರುಸ್ವಾಮಿ ಹೊಸ ಇಂಜಿನಿಯರ್ ಪಂಪಾವತಿಯನ್ನು ಕರೆತಂದರು. "ಈಕಿಗೆ ಎಲ್ಲಾ ಕಲಿಸು."

"ಕಲಿಸಂಗಿಲ್ರಿ ಸಾರ್," ಎಂದಳು ತಾಯಕ್ಕ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಕಲಿಸಾದು ನನ್ನ ಕೆಲಸ ಅಂತ ಬರದು ಕೊಡ್ರಿ. ಆಮ್ಯಾಲ ಕಲಿಸ್ತೀನಿ."

ಅವರು ಹುಡುಗಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಎಂಟು ದಿನ ಪಂಪಾವತಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ತಾಯಕ್ಕನಿಗೆ ಪಾಪ ಅನ್ನಿಸಿತು, ಆದರೂ ಬಾಯಿ ಬಿಡಲಿಲ್ಲ. ನಡುವೆ ತಾಯಕ್ಕ ರಜೆ ಹಾಕಿದ ದಿನ, ಪಂಪಾವತಿಗೆ ತೂಕ ನೋಡಲು ಬಾರದೆ ಲಾರಿಗಳು ರಸ್ತೆಯವರೆಗೆ ಸಾಲು ನಿಂತವು.

ಒಂಬತ್ತನೆಯ ದಿನ ಕಂಪನಿಯ ಪತ್ರ ಬಂತು. ಹೊಸಬರಿಗೆ ತರಬೇತಿ ಕೊಡುವ ಜವಾಬ್ದಾರಿ ತಾಯಕ್ಕನದು. ಇನ್ನು ಹಗಲು ಶಿಫ್ಟ್ ಮಾತ್ರ. ಸಂಬಳದ ಮಾತು ಅದರಲ್ಲಿ ಇರಲಿಲ್ಲ.

ವಡ್ಡುವಿನ ಬಸ್ಸಿನಲ್ಲಿ ಅವಳು ಪತ್ರವನ್ನು ಎರಡು ಸಲ ಓದಿದಳು. ಗೆದ್ದೆ ಅಂತ ಅನ್ನಿಸಲಿಲ್ಲ. ಇಷ್ಟನ್ನು ಮೊದಲೇ ಕೇಳಬಹುದಿತ್ತು ಅಂತ ಮಾತ್ರ ಅನ್ನಿಸಿತು. ಮರುದಿನ ಬೆಳಿಗ್ಗೆ ಪಂಪಾವತಿಯನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಮೊದಲ ಲಾರಿಯನ್ನು ಒಳಗೆ ಬಿಡಿಸಿದಳು.