ಮೊರದ ಗಾಳಿ

ನಾನು ದೇವರನ್ನು ನಂಬುವವಳು. ದೀಪ ಹಚ್ಚದೆ ಬೆಳಗಿನ ಕಾಫಿ ಕುಡಿದವಳಲ್ಲ. ಆದರೆ ಕನಸಿನಲ್ಲಿ ದೇವರು ಬಂದು ಹೀಗೆ ಹೇಳಿದ, ನಡುರಾತ್ರಿ ಯಾರೋ ಬಾಗಿಲಲ್ಲಿ ನಿಂತಿದ್ದರು ಎಂದೆಲ್ಲ ಯಾರಾದರೂ ಹೇಳಿದರೆ ಎದುರಿಗೆ ತಲೆ ಆಡಿಸಿ ಒಳಗೊಳಗೇ ನಗುತ್ತಿದ್ದೆ. ಮೈ ಬಗ್ಗಿಸಿ ಕೆಲಸ ಮಾಡಿ, ಹೊಟ್ಟೆತುಂಬ ಉಂಡು ಮಲಗಿದವರಿಗೆ ಇಂಥವೆಲ್ಲ ಕಾಣುವುದಿಲ್ಲ ಎಂದುಕೊಂಡಿದ್ದೆ. ಆ ರಾತ್ರಿಯಾದ ಮೇಲೆ ಯಾರನ್ನೂ ನೋಡಿ ನಗುವ ಧೈರ್ಯ ನನಗೆ ಉಳಿದಿಲ್ಲ. ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಮ್ಮದು ಮದ್ದೂರು. ನಮ್ಮ ಯಜಮಾನರದು ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಕೈ ಒಳ್ಳೆಯದು ಎಂದು ಮಳವಳ್ಳಿ ಕಡೆಯಿಂದಲೂ ಮೋಟಾರು ಹೊತ್ತು ತರುತ್ತಿದ್ದರು. ಆ ಕೈಗೆ ಸಂಜೆಯಾದರೆ ಗ್ಲಾಸು ಬೇಕಾಗುತ್ತಿತ್ತು. ಮೊದಮೊದಲು ಸಂಜೆಗೆ, ಆಮೇಲೆ ಮಧ್ಯಾಹ್ನಕ್ಕೆ, ಕೊನೆಗೆ ಬೆಳಗ್ಗೆ ಎದ್ದು ಒಂದಿಷ್ಟು ಹಾಕಿಕೊಳ್ಳದಿದ್ದರೆ ತಂತಿ ಹಿಡಿಯುವುದಕ್ಕೇ ಆಗದಷ್ಟು ಕೈ ನಡುಗುತ್ತಿತ್ತು. ಹೊಡೆದವರಲ್ಲ, ಬಡಿದವರಲ್ಲ. ಅದೂ ದೇವರ ದಯೆಯೇ ಎಂದು ನಾನು ಅಂದುಕೊಳ್ಳುತ್ತಿದ್ದೆ. ಆದರೆ ಬಿಟ್ಟೆ ಎಂದು ಹೇಳಿ ಬಿಡದೆ, ಹಾಲು ತರುತ್ತೇನೆ ಎಂದು ಹೋಗಿ ಕುಡಿದು ಬಂದು, ಅವರು ನನಗೆ ಹೇಳಿದ ಸುಳ್ಳುಗಳು ಎಷ್ಟೋ.

ಬೇಸಿಗೆಯ ಒಂದು ಶುಕ್ರವಾರ ಅವರನ್ನು ವೈದ್ಯನಾಥಪುರದ ಶಿವನ ಗುಡಿಗೆ ಕರೆದುಕೊಂಡು ಹೋದೆ. ನಮ್ಮ ಕಡೆ ಇದು ಹೊಸದಲ್ಲ. ದೇವರ ಮುಂದೆ ಉರಿಯುವ ಕರ್ಪೂರ ಮುಟ್ಟಿ ಆಣೆ ಮಾಡಿದರೆ ಮತ್ತೆ ಕುಡಿಯಲು ಗಂಡಸರು ಹೆದರುತ್ತಾರೆ. ಅವರೂ ಮುಟ್ಟಿದರು, ಅತ್ತರು. ಅಲ್ಲಿದ್ದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಒಂದ್ಸಲ ಆಸ್ಪತ್ರೆಗೂ ತೋರ್ಸವ್ವ, ತುಂಬ ಕುಡೀತಿದ್ದೋರು ಒಂದೇ ಏಟಿಗೆ ಬುಟ್ರೆ ಕಷ್ಟ ಆಯ್ತದೆ" ಎಂದರು. ನಾನು ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ, ವೈದ್ಯರಿಗೆಲ್ಲ ಒಡೆಯನಾದವನ ಮುಂದೆಯೇ ನಿಂತು ಬಂದಿದ್ದೇವೆ, ಇನ್ನು ಇಂಜೆಕ್ಷನ್ ಚುಚ್ಚುವವರ ಹತ್ತಿರ ಹೋದರೆ ದೇವರ ಮೇಲೆ ಅನುಮಾನ ಪಟ್ಟ ಹಾಗಲ್ಲವೇ ಎಂದುಕೊಂಡೆ. ಸೋಮವಾರ ಬಂದು ಅನ್ನದ ಎಡೆ ಒಪ್ಪಿಸುತ್ತೇನೆ, ಅಲ್ಲಿಯವರೆಗೆ ಒಪ್ಪೊತ್ತು ಇದ್ದು ಚಾಪೆಯ ಮೇಲೆ ಮಲಗುತ್ತೇನೆ ಎಂದು ಹರಕೆ ಹೊತ್ತು ಬಂದೆ. ಮಗಳನ್ನು ಮಳವಳ್ಳಿಯ ನನ್ನ ತವರಿಗೆ ಕಳಿಸಿದೆ.

ಶುಕ್ರವಾರದ ರಾತ್ರಿಯೇ ಬೆವರು ಶುರುವಾಯಿತು. ಬೇಸಿಗೆಯ ಬೆವರಲ್ಲ ಅದು. ಬನಿಯನ್ನು ಹಿಂಡಿದರೆ ನೀರು ಬರುತ್ತಿತ್ತು. ಹೊದಿಕೆ, ದಿಂಬು, ಹಾಸಿಗೆಯ ಹತ್ತಿಯವರೆಗೂ ನೆಂದುಹೋಗಿತ್ತು. ಅಷ್ಟು ಬೆವೆತೂ ಚಳಿ ಎನ್ನುತ್ತಿದ್ದರು. ಕಣ್ಣು ಮುಚ್ಚಿದರೆ ಬೆಚ್ಚಿ ಏಳುವುದು. ಮಾರನೆಯ ದಿನ ಪಕ್ಕದ ಮನೆಯ ಜಯಮ್ಮ ಒಣಹಾಕಿದ್ದ ಹಾಸಿಗೆ ನೋಡಿ ಒಳಗೆ ಬಂದರು. ನನಗಿಂತ ಎಷ್ಟೋ ದೊಡ್ಡವರು, ನನಗೆ ಅಮ್ಮನ ಹಾಗೆ.

"ಬೆವ್ರು ಓಯ್ತಾ ಅದೆ ತಾನೆ, ಒಳ್ಳೇದೇ ಕಣಮ್ಮಣ್ಣಿ. ಒಳಗಿರೋ ಇಸ ಎಲ್ಲ ಇಳ್ದು ಓಯ್ತದೆ. ಬಾಗ್ಲು ಮಾತ್ರ ತಗೀಬ್ಯಾಡ. ನನ್ ಮೈದ ಇಂಗೇ ಆಣೆ ಮಾಡಿ, ಒಸಿ ಗಾಳಿಗೆ ಓಗ್ಬತ್ತೀನಿ ಅಂದೋನು ಎಲ್ಲಿ ಸಿಕ್ಕುದ್ನೇಳು? ಬಾರ್ ಬಾಗ್ಲಲ್ಲಿ! ಗಾಳಿ ಅಲ್ಲೇ ಚೆನ್ನಾಗದೆ ಅಂದ್ನಂತೆ."

ಇಬ್ಬರೂ ನಕ್ಕೆವು. ಅವರ ಮಾತು ನನಗೆ ಸರಿ ಎನಿಸಿತು. ಜಯಮ್ಮನವರದು ತಪ್ಪೆಂದು ನಾನು ಹೇಳುವುದಿಲ್ಲ. ಚಿಲಕ ಹಾಕಿದ ಕೈ ನನ್ನದು.

ಭಾನುವಾರ ಅವರು ಇನ್ನಷ್ಟು ಬಳಲಿದ್ದರು. ಕೈಯಷ್ಟೇ ಅಲ್ಲ, ಗದ್ದವೂ ನಡುಗುತ್ತಿತ್ತು. ಗೋಡೆಯ ಮೇಲೆ ಇರುವೆ ಸಾಲು ಹೋಗುತ್ತಿದೆ ಎಂದರು. ನಾನು ನೋಡಿದೆ, ಒಂದು ಇರುವೆಯೂ ಇರಲಿಲ್ಲ. ಆಗಲೇ ಆಟೋ ಕರೆಯಬೇಕಿತ್ತು. ನಾನು ಗಂಜಿ ಕುಡಿಸಿ, ಒಂದು ಚೊಂಬು ನೀರಿಟ್ಟು, ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಆಮೇಲೆ ತಲೆಗೆ ಸ್ನಾನ ಮಾಡಿ, ಮಡಿಯುಟ್ಟು, ಬೆಳಗಿನ ಎಡೆಗೆಂದು ಅಕ್ಕಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಮೊರವನ್ನು ಅಕ್ಕಿಯ ಸಮೇತ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡಕ್ಕೂ ಒಳಗಿನಿಂದ ಅಗುಳಿ ಹಾಕಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡೆ.

ಕರೆಂಟು ಹೋಯಿತು. ಫ್ಯಾನು ನಿಂತ ಮೇಲೆ ಕೋಣೆಯೊಳಗಿನ ಸದ್ದೆಲ್ಲ ನನಗೆ ಕೇಳಿಸತೊಡಗಿತು. ಅವರು ಹೊರಳಾಡುತ್ತಿದ್ದರು. ಚೊಂಬು ಉರುಳಿತು. ಆಮೇಲೆ ಬಾಗಿಲ ಹತ್ತಿರ ಬಂದರು.

"ಲೇ, ನೀರು ಕೊಡಮ್ಮಿ ಒಸಿ. ಎಲ್ಲಾ ನೆಂದೋಗದೆ. ಉಸ್ರು ಕಟ್ತಾ ಅದೆ ಕಣೇ."

ನಾನು ಕೇಳಿಸಿಕೊಂಡೆ. ನಿದ್ದೆಯಲ್ಲಿದ್ದೆ ಎಂದು ಸುಳ್ಳು ಹೇಳಲಾರೆ. ಬಾಗಿಲು ತೆಗೆದರೆ ನನ್ನನ್ನು ತಳ್ಳಿಕೊಂಡು ಹೋಗಿಬಿಟ್ಟರೆ ಎನ್ನುವ ಭಯ ಒಂದು ಕಡೆ. ಇನ್ನೊಂದು ಕಡೆ, ಹೇಳಲು ನಾಚಿಕೆಯಾಗುತ್ತದೆ, ಆ ಬೆವರಿನ ಹಾಸಿಗೆ ಮುಟ್ಟಿದರೆ ಮಡಿ ಕೆಟ್ಟು ಆ ಹೊತ್ತಿನಲ್ಲಿ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ ಎನ್ನುವ ಬೇಸರ. ಅವರು ನನ್ನ ಹೆಸರು ಹಿಡಿದು ಕರೆದರು. ಮದುವೆಯಾದಾಗಿನಿಂದ ಹೆಸರು ಹಿಡಿದು ಕರೆದದ್ದು ಕಡಿಮೆ. ನಾನು ಸೆರಗನ್ನು ಕಿವಿಗೆ ಒತ್ತಿಕೊಂಡು ಶಿವ ಶಿವ ಎನ್ನುತ್ತಾ ಗೋಡೆಯ ಕಡೆಗೆ ತಿರುಗಿ ಮಲಗಿದೆ. ಎರಡು ರಾತ್ರಿ ನಿದ್ದೆಗೆಟ್ಟ ಮೈ. ಯಾವಾಗ ಕಣ್ಣು ಮುಚ್ಚಿತೋ ಗೊತ್ತಿಲ್ಲ.

ಎಚ್ಚರವಾದಾಗ ಬೆಳಕು ಹರಿದಿತ್ತು. ಕೋಣೆಯಲ್ಲಿ ಸದ್ದಿಲ್ಲ. ಮಡಿಗಿಡಿ ಎಲ್ಲ ಮರೆತು ಎದ್ದು ಓಡಿದೆ. ಚಿಲಕ ನಾನು ಹಾಕಿದ ಹಾಗೆಯೇ ಇತ್ತು. ಅದನ್ನು ನನ್ನ ಕೈಯಿಂದಲೇ ತೆಗೆದೆ.

ಅವರು ಒಣಗಿದ ಹೊದಿಕೆಯ ಮೇಲೆ, ಒಗೆದು ಮಡಿಸಿಟ್ಟಿದ್ದ ಶರಟು ತೊಟ್ಟುಕೊಂಡು, ಒಂದು ಮಗ್ಗುಲಾಗಿ ಮಲಗಿದ್ದರು. ನನ್ನ ಕಾಲಿನ ಸದ್ದಿಗೆ ಕಣ್ಣು ಬಿಟ್ಟರು. ನಡುಕ ಹೋಗಿರಲಿಲ್ಲ, ಆದರೆ ಮುಖ ಶಾಂತವಾಗಿತ್ತು.

"ರಾತ್ರಿಯೆಲ್ಲಾ ಬೀಸ್ತಾ ಕುಂತಿದ್ದಲ್ಲಮ್ಮಿ, ಕೈ ನೋಯ್ನಿಲ್ವಾ?"

ಜ್ವರದ ಮಾತು ಎಂದುಕೊಂಡೆ. ಆಗ ನೋಡಿದೆ, ಅವರ ತಲೆದಿಂಬಿನ ಪಕ್ಕದಲ್ಲಿ ಮೊರವಿತ್ತು. ನಮ್ಮ ಮೊರ, ಸಗಣಿ ಬಳಿದು ಅಂಚಿಗೆ ನಾನೇ ಕೆಂಪು ಬಟ್ಟೆ ಹೊಲಿದ ಮೊರ. ಅಡುಗೆಮನೆಗೆ ಹೋದೆ. ಎಡೆಯ ಅಕ್ಕಿ ತಪ್ಪಲೆಯಲ್ಲಿತ್ತು, ಕಟ್ಟೆಯ ಮೇಲೆ ಒಂದು ಕಾಳೂ ಚೆಲ್ಲಿರಲಿಲ್ಲ. ಮುಂಬಾಗಿಲಿನ ಹಾಗೆಯೇ ಹಿತ್ತಿಲ ಬಾಗಿಲ ಅಗುಳಿಯೂ ಹಾಕಿದ ಹಾಗೇ ಇತ್ತು. ತೆಗೆದು ನೋಡಿದರೆ ತಂತಿಯ ಮೇಲೆ ಅವರ ಬನಿಯನ್ನು, ಹೊದಿಕೆ, ದಿಂಬಿನ ಚೀಲ ನೇತಾಡುತ್ತಿದ್ದವು. ಆಗಲೇ ಅರ್ಧ ಒಣಗಿದ್ದವು.

ನಾನು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟೆ. ನನಗೆ ಆದದ್ದು ಭಕ್ತಿಯಲ್ಲ, ಭಯವೂ ಅಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವರಿಗೆ ಆಗುತ್ತದಲ್ಲ, ಅದು.

ಎಡೆಯನ್ನು ಹಾಗೇ ಬಿಟ್ಟು ಮಂಡ್ಯದ ಆಸ್ಪತ್ರೆಗೆ ಹೊರಟೆವು. ಬನ್ನಿ ಎಂದ ಕೂಡಲೇ ಅವರು ಎದ್ದು ಬಂದದ್ದೇ ನನಗೆ ದೊಡ್ಡ ಪುಣ್ಯ. ಡಾಕ್ಟರು ನಾಡಿ ನೋಡಿ, ಕಣ್ಣು ನೋಡಿ, ಎಲ್ಲ ಕೇಳಿ ನನ್ನ ಕಡೆಗೆ ತಿರುಗಿದರು.

"ಏನಮ್ಮಾ, ಇಷ್ಟು ವರ್ಷ ದಿನಾ ಕುಡಿದೋರನ್ನ ಔಷಧಿ ಇಲ್ದೆ ಒಂದೇ ಸಲ ನಿಲ್ಲಿಸಿ ಮನೇಲಿಟ್ಕೊಂಡಿದ್ರಾ? ರಾತ್ರಿ ಫಿಟ್ಸ್ ಬಂದಿದ್ರೆ ಜೀವಾನೇ ಹೋಗ್ತಿತ್ತು. ಹತ್ತಿರ ಯಾರಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಇವರು ಹೇಳಿದರು, "ಇವ್ಳೇ ಇದ್ಲು ಸಾ. ನೀರು ಕುಡ್ಸಿ, ಬಟ್ಟೆ ಬದ್ಲಾಯ್ಸಿ, ಬೆಳಗಾನ ಮೊರದಲ್ಲಿ ಗಾಳಿ ಆಕ್ದಳೆ."

ಡಾಕ್ಟರ ದನಿ ಮೆತ್ತಗಾಯಿತು. "ಹಂಗಾದ್ರೆ ಸರಿ. ನೀವು ಎಚ್ಚರ ಇದ್ದಿದ್ದಕ್ಕೇ ಉಳ್ಕೊಂಡಿದಾರೆ ಬಿಡಿ."

ಇಲ್ಲ ಸಾರ್, ನಾನು ಚಿಲಕ ಹಾಕಿ ಮಲಗಿದ್ದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ನಾನು ತಲೆ ತಗ್ಗಿಸಿದೆ. ನಾಚಿಕೊಂಡೆ ಎಂದು ಅವರು ತಿಳಿದಿರಬೇಕು.

ಕೆಲವು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ನಡುಕ ನಿಂತರೂ ರಾತ್ರಿಯ ಬೆವರು, ನಿದ್ದೆಗೇಡು ಆಮೇಲೂ ಬಹಳ ದಿನ ಇತ್ತು. ಕುಡಿತ ಬಿಡಿಸಿದರೆ ಮುಗಿಯಿತು ಎಂದುಕೊಂಡವಳಿಗೆ ಅದರ ಮುಂದಿನ ದಾರಿ ಗೊತ್ತೇ ಇರಲಿಲ್ಲ. ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹಾಸಿಗೆಯ ಮೇಲೆ ಹಾಸುತ್ತಿದ್ದೆ, ಒಂದು ನೆಂದರೆ ಎಳೆದು ಇನ್ನೊಂದು. ಸಂಜೆಯ ಕಾಫಿ ನಿಲ್ಲಿಸಿ ಮಜ್ಜಿಗೆ ಕೊಟ್ಟೆ. ಡಾಕ್ಟರು ಬರೆದ ಮಾತ್ರೆಯನ್ನು ದೇವರ ತೀರ್ಥ ಕೊಟ್ಟ ಹಾಗೆ ಹೊತ್ತಿಗೆ ಸರಿಯಾಗಿ ಕೊಟ್ಟೆ. ನಿದ್ದೆ ಬರದೆ ಅವರು ಎದ್ದು ಕೂತರೆ ನಾನೂ ಎದ್ದು ಕೂತೆ. ಒಗೆದದ್ದು ಅಂದೇ ಒಣಗುವಷ್ಟು ಬಿಸಿಲಿತ್ತು, ಅದೊಂದು ದಯೆ. ನಡುವೆ ಒಂದು ಸಲವೂ ಅವರು ಹೊರಗೆ ಹೋಗುತ್ತೇನೆಂದು ಚಪ್ಪಲಿ ಹುಡುಕಲಿಲ್ಲ, ಅದಿನ್ನೊಂದು. ಒಂದು ಬೆಳಗ್ಗೆ ಹೊದಿಕೆ ಮುಟ್ಟಿ ನೋಡಿದರೆ ಒಣಗಿತ್ತು. ಬಿಸಿಲಿಗೆ ಹಾಕದ ಬಟ್ಟೆ ಒಣಗಿರುವುದನ್ನು ಕಂಡು ಅಷ್ಟು ಅತ್ತವಳು ಮದ್ದೂರಿನಲ್ಲಿ ನಾನೊಬ್ಬಳೇ ಇರಬೇಕು.

ಅವರು ಮತ್ತೆ ಮುಟ್ಟಲಿಲ್ಲ. ಅದಕ್ಕೆ ಕಾರಣ ಆಣೆಯೂ ಅಲ್ಲ, ಮಾತ್ರೆಯೂ ಅಲ್ಲ, ಆ ರಾತ್ರಿ ಎನ್ನುತ್ತಾರೆ. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಒಮ್ಮೆ ಬುತ್ತಿ ಕೊಡಲು ಹೋದಾಗ ನಿಡಘಟ್ಟದ ರೈತರೊಬ್ಬರಿಗೆ ಹೇಳುತ್ತಿದ್ದರು. "ಒಂದ್ರಾತ್ರಿ ಎಂಡ್ರ ಕೈಲಿ ಮೊರದ ಗಾಳಿ ಆಕಿಸ್ಕೊಂಡು ನೋಡ್ಲಾ, ಆಮೇಲೆ ಎಣ್ಣೆ ಕಡೆ ತಿರುಗ್ನೂ ನೋಡಲ್ಲ ನೀನು."

ಆ ಮನುಷ್ಯ ಬಿಡಲಿಲ್ಲ. "ನಿಂದು ಪುಣ್ಯ ಕಣಣ್ಣ. ನಿಮ್ಮನೇಲಿ ಮೊರದಲ್ಲಿ ಗಾಳಿ ಆಕ್ತರೆ, ನಮ್ಮನೇಲಿ ಮೊರದಲ್ಲೇ ಒಡೀತರೆ!"

ಎಲ್ಲರೂ ನಕ್ಕರು. ನಾನು ಬುತ್ತಿ ಇಟ್ಟು ಬಂದೆ.

ಒಬ್ಬ ಮನುಷ್ಯನ ಬದುಕು ನಾನು ಮಾಡದ ಕೆಲಸದ ಮೇಲೆ ನಿಂತಿದೆ. ನಿಜ ಹೇಳಿದರೆ ಅದು ಎಲ್ಲಿ ಕುಸಿಯುತ್ತದೋ ಎಂಬ ಹೆದರಿಕೆ ನನಗೆ. ಹೇಳದಿದ್ದರೆ ಅವರು ನನ್ನನ್ನು ನೋಡುವ ನೋಟವನ್ನು ತಡೆದುಕೊಳ್ಳಲಾರೆ. ಕೊನೆಗೆ ಹೋದ ವರ್ಷ, ಊಟವಾದ ಮೇಲೆ ಎಲೆಅಡಿಕೆ ಮಡಿಸಿಕೊಡುತ್ತಾ ಹೇಳಿಯೇಬಿಟ್ಟೆ.

"ರೀ, ಆವತ್ತು ನಾನು ಒಳಕ್ಕೆ ಬರ್ಲೇ ಇಲ್ಲ. ನೀವು ಕರೆದಿದ್ದು ಕೇಳ್ತು. ಕಿವಿ ಮುಚ್ಕೊಂಡು ಮಲಗ್ಬುಟ್ಟೆ."

ಅವರು ಎಲೆ ಬಾಯಿಗಿಟ್ಟುಕೊಂಡು ನನ್ನನ್ನೇ ನೋಡಿದರು. ಆಮೇಲೆ ನಕ್ಕರು.

"ನಿದ್ದೆಗಣ್ಣಲ್ಲಿ ಮಾಡಿ ಮರ್ತಿದ್ದೀಯೆ ಬುಡು. ನಿನ್ ಬಳೆ ಸದ್ದು ನಂಗೊತ್ತಿಲ್ವಾ? ಪಕ್ಕದಲ್ಲೇ ಕುಂತಿದ್ದೆ. ಒಂದೇ ಒಂದು ಮಾತಾಡ್ನಿಲ್ಲ, ಬಯ್ನಿಲ್ಲ. ಕುಡ್ದಿದ್ದಕ್ಕೆ ನೀನು ಬಯ್ಯದೇ ಇದ್ದ ರಾತ್ರಿ ಅದೊಂದೇ ಕಣಮ್ಮಿ."

ಅಲ್ಲಿಗೆ ಅದು ನಾನಲ್ಲ ಎಂದು ನನಗೆ ಖಾತ್ರಿಯಾಯಿತು.

ಆದರೂ ನಿದ್ದೆಗಣ್ಣಿನ ಮಾತನ್ನೇ ನಂಬಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಹಾಗೇನಾದರೂ ಆಗಿದ್ದರೆ ಅದಕ್ಕಿಂತ ಭಾಗ್ಯ ನನಗೆ ಬೇರೆ ಬೇಡ. ಹುಟ್ಟಿದಾಗಿನಿಂದ ನಿದ್ದೆಯಲ್ಲಿ ಎದ್ದು ನಡೆದವಳಲ್ಲ ನಾನು. ಬೆಳಗಿನವರೆಗೆ ಬೀಸಿದ್ದರೆ ಮಾರನೆಯ ದಿನ ತೋಳು ಎತ್ತುವುದಕ್ಕೆ ಆಗುತ್ತಿತ್ತೇ? ಅವರು ಆಸ್ಪತ್ರೆಯಿಂದ ಬಂದ ಮೇಲೆ ಎಡೆ ಒಪ್ಪಿಸಲು ಹೋದ ದಿನ ಗರ್ಭಗುಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ನೀನೇ ಬಂದಿದ್ದೆಯಾ ಎಂದು ಕೇಳಬೇಕೆಂದು ಹೋದವಳು ಕೇಳಲಾರದೆ ಬಂದೆ. ಹೌದೆಂದು ತಿಳಿದರೂ ನನಗೆ ಸಮಾಧಾನ ಆಗುತ್ತಿರಲಿಲ್ಲ. ಬಂದವರು ಯಾರೇ ಆಗಿರಲಿ, ಅವರಿಗೆ ನನ್ನ ನಮಸ್ಕಾರ. ಆದರೆ ಆ ರಾತ್ರಿ ಬಾಗಿಲ ಆಚೆ ನಿಂತು ನಮ್ಮ ಯಜಮಾನರು ಕರೆದದ್ದು ನನ್ನ ಹೆಸರನ್ನು.