ಬಾಚಿ ಹೋಯಿತು, ಕಾವು ಉಳಿಯಿತು

ಮಾವನವರು ತೀರಿಕೊಂಡ ಮೇಲೆ ಅವರ ಬಡಿಗತನದ ಸಾಮಾನು ವರ್ಷವಿಡೀ ಗೋಣಿಚೀಲದಲ್ಲಿ ಪಡಸಾಲೆಯ ಗೂಟಕ್ಕೆ ತೂಗಿತ್ತು. ಕಸ ಗುಡಿಸುವಾಗ ನನ್ನ ತಲೆ ತಾಗಿದರೆ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿದು ಸಪ್ಪಳವಾಗುತ್ತಿತ್ತು. ಒಲೆಯ ಮುಂದಿದ್ದ ಅತ್ತೆ ಒಡನೆ "ಯಾರವ್ವಾ ಅದು?" ಅನ್ನುತ್ತಿದ್ದರು.

ಉಳಿ, ಗರಗಸಗಳ ಮೇಲೆ ಅತ್ತೆಗೆ ಸಿಟ್ಟಿರಲಿಲ್ಲ. ಅಂಜಿಕೆ ಇದ್ದದ್ದು ಬಾಚಿಯದು. ಜಾಲಿಯ ತುಂಡನ್ನು ಪಾದದಿಂದ ಒತ್ತಿ ಹಿಡಿದು, ತನ್ನ ಕಡೆಗೇ ಬಾಚಿ ಬೀಸಿ ಕೆತ್ತುವುದು ಬಡಿಗರ ರೂಢಿ. ಹಾಗೆ ಕೆತ್ತುವಾಗಲೇ ಅದು ಮಾವನವರ ಕಾಲಿಗೆ ಕೂತಿತ್ತು. ಅರಿಷಿಣ ಮೆತ್ತಿ ಕಟ್ಟಿದೆವು. ಗಾಯ ಮಾಯುತ್ತಿದೆ ಅಂದುಕೊಂಡಿದ್ದೆವು, ಧನುರ್ವಾಯು ಆಗಿ ದವಡೆ ಕಚ್ಚಿಕೊಂಡಿತು. ಆಮೇಲೆ ಅವರು ಮಾತಾಡಲಿಲ್ಲ.

ನಮ್ಮ ಯಜಮಾನರು ಬಾಗೇವಾಡಿಯ ಹತ್ತಿ ಗಿರಣಿಗೆ ಹೋಗುತ್ತಿದ್ದರು. ಹಂಗಾಮು ಮುಗಿದರೆ ಗಿರಣಿ ಬಂದ್. ಆಗೆಲ್ಲ ಅವರ ಕಣ್ಣು ಗೂಟದ ಕಡೆ ಹೋಗುವುದನ್ನು ನಾನೂ ನೋಡಿದ್ದೆ, ಅತ್ತೆಯೂ ನೋಡಿದ್ದರು.

"ಎಲ್ಲಾ ಮಾರಿಬಿಡೋಣು," ಅಂದರು ಅತ್ತೆ, ಮಗನಿಗೆ. "ಮನ್ಯಾಗಿದ್ರ ನೀ ಒಂದಿನ ಹಿಡಿಯಾಂವನ."

"ಹಿಡದ್ರ ಏನಾತಬೇ? ನಾ ಬಡಿಗನ ಮಗ ಅಲ್ಲೇನು?"

"ಅವರ ಕೈನ ಜಾರಿತು. ನಿಂದು ಹತ್ತಿ ಹಿಂಜೂ ಕೈ. ನನಗ ಇನ್ನೊಬ್ಬ ಮಗ ಇಲ್ಲೋ."

ಯಜಮಾನರು ಬುತ್ತಿ ಹಿಡಿದು ಗಿರಣಿಗೆ ಹೋದರು.

ಸಾಮಾನು ಕೊಳ್ಳಲು ಸಿಂದಗಿಯಿಂದ ಮುದುಕ ಮಿಸ್ತ್ರಿಯೊಬ್ಬರು ಬಂದರು. ಮಾವನವರ ಜೋಡಿ ಕೆಲಸ ಮಾಡಿದ ಸಾಬರು. ಅತ್ತೆ ಏನನ್ನೂ ಮುಚ್ಚಿಡದೆ ಬಾಚಿ ತೋರಿಸಿದರು. "ಅಣ್ಣಾ, ಇದು ಅವರನ್ನ ತಿಂದದ್ದು. ತಿಳದು ಒಯ್ಯಿ."

"ರಗತ ನೋಡದ ಬಾಚಿ ಯಾವ ಬಡಿಗನ ಮನ್ಯಾಗೈತಿ ಅಕ್ಕಾ?" ಎಂದು ಮಿಸ್ತ್ರಿ ನಕ್ಕರು. ನಕ್ಕವರೇ ಬಾಚಿಯನ್ನು ಕಲ್ಲಿಗೆ ಕುಟ್ಟಿ, ಹಿಡಿಯುವ ಕಟ್ಟಿಗೆಯ ಕಾವು ಬಿಡಿಸಿ ಕಟ್ಟೆಯ ಮೇಲಿಟ್ಟರು. "ಕಬ್ಬಿಣ ಸಾಕು. ಮಂದಿ ಕಾವು ನಮ್ಮ ಕೈಗೆ ಹೊಂದಂಗಿಲ್ಲ. ನಮ್ಮದು ನಾವ ಮಾಡ್ಕೊಬೇಕು."

ಚೀಲ ಹೋಯಿತು. ಕಾವು ಉಳಿಯಿತು. ನಾನು ಒಲೆಗೆ ಒಯ್ದರೆ ಅತ್ತೆ ಕೈ ಹಿಡಿದರು: "ಅವರು ದಿನಾ ಹಿಡದದ್ದು. ಸುಡಬ್ಯಾಡ." ನನಗೂ ಮನಸ್ಸಾಗಲಿಲ್ಲ. ಜಂತಿಗೆ ಸಿಕ್ಕಿಸಿದೆ.

ಸಂಜೆ ಯಜಮಾನರು ಖಾಲಿ ಗೂಟ ನೋಡಿದರು, ಆಮೇಲೆ ಜಂತಿ ನೋಡಿದರು. ಕಾವು ಇಳಿಸಿ ಹಿಡಿದರು. ಮಾವನವರ ಹೆಬ್ಬೆರಳು ಸವೆಸಿದ ತಗ್ಗಿನಲ್ಲಿ ಅವರ ಹೆಬ್ಬೆರಳು ತಾನಾಗಿ ಹೋಗಿ ಕೂತಿತು.

"ನೋಡಿಲ್ಲೆ," ಅಂದರು ನನಗೆ, ಮೆಲ್ಲಗೆ. "ನನ್ನ ಅಳತಿಗೇ ಮಾಡಿದಂಗೈತಿ."

ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವುದು ನಿಂತಿತು.

ಗಿರಣಿ ಬಂದ್ ಆದ ವಾರವೇ ಅವರು ಮುದ್ದೇಬಿಹಾಳದ ಸಂತೆಗೆ ಹೋಗಿ, ಟವೆಲ್ಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಮರುದಿನ ದನದ ಬಾನಿಗೆ ನೀರು ಹಾಕಲು ಹೋದೆ. ತಳದಲ್ಲಿ ಹೊಸ ಬಾಚಿ ಮುಳುಗಿತ್ತು. ಅದಕ್ಕೆ ಹಾಕಿದ ಹಳೆಯ ಕಾವು ನೀರು ಕುಡಿದು ಬಿಗಿಯಾಗಲೆಂದು ಇಟ್ಟಿದ್ದರು. ಮಾವನವರೂ ಹಾಗೇ ಇಡುತ್ತಿದ್ದರು.

ಬಿಸಿಲೇರುವ ಮೊದಲೇ ಹಿತ್ತಲಲ್ಲಿ ಕೆತ್ತುವ ಸಪ್ಪಳ ಶುರುವಾಯಿತು. ಅತ್ತೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು. ಸಪ್ಪಳ ನಡೆದಷ್ಟು ಹೊತ್ತು ಮೊರ ಆಡುತ್ತಿತ್ತು. ಯಜಮಾನರು ಬೆವರು ಒರೆಸಿಕೊಳ್ಳಲೋ, ತುಂಡು ತಿರುವಲೋ ಒಂದು ಗಳಿಗೆ ನಿಂತರೆ ಇಲ್ಲಿ ಮೊರವೂ ನಿಲ್ಲುತ್ತಿತ್ತು. ನಾನೂ ಕಸಬರಿಗೆ ಹಿಡಿದು ನಿಂತಲ್ಲೇ ನಿಲ್ಲುತ್ತಿದ್ದೆ.

ಆಮೇಲೆ ನಮ್ಮ ಮನೆಯ ದಿನಗಳೆಲ್ಲ ಹಾಗೇ ನಡೆದವು.